ತಡೆದ ಸೀನು, ತೂತಾದ ಗಂಟಲು: ಒಂದು ಪ್ರಕರಣ ಅಧ್ಯಯನ

34 ವರ್ಷದ ಗಂಡಸೊಬ್ಬ ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಬಂದ. ನುಂಗಿದರೆ ವಿಪರೀತ ನೋವು, ದನಿ ಕೆಟ್ಟಿದೆ, ಕುತ್ತಿಗೆಯ ಎರಡೂ ಬದಿ ಊದಿದೆ. ಅದುವರೆಗೆ ಆರೋಗ್ಯವಾಗಿಯೇ ಇದ್ದವನು. ಆತ ಹೇಳಿದ್ದು ಒಂದೇ ಘಟನೆ: ಜೋರಾಗಿ ಸೀನು ಬಂದಾಗ ಬೆರಳಿನಿಂದ ಮೂಗು ಹಿಂಡಿ, ಬಾಯಿಯನ್ನೂ ಬಿಗಿಯಾಗಿ ಮುಚ್ಚಿ ಅದನ್ನು ಒಳಗೇ ತಡೆದಿದ್ದ. ಆ ಕ್ಷಣದಲ್ಲಿ ಕುತ್ತಿಗೆಯೊಳಗೆ ಏನೋ ‘ಟಪ್’ ಎಂದು ಒಡೆದಂತಾಯಿತು. ಉಳಿದದ್ದೆಲ್ಲ ಅದರ ಬೆನ್ನಿಗೇ ಬಂತು.

ಚಿಕಿತ್ಸೆ ಕೊಟ್ಟ ವೈದ್ಯರು ಈ ಪ್ರಕರಣವನ್ನು 2018ರ ಜನವರಿಯಲ್ಲಿ ಬಿಎಂಜೆ ಕೇಸ್ ರಿಪೋರ್ಟ್ಸ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಇಂಥದ್ದು ಬಹಳ ಅಪರೂಪ. ಕೋಟ್ಯಂತರ ಜನ ದಿನವೂ ಸೀನು ತಡೆಯುತ್ತಾರೆ, ಬಹುತೇಕ ಯಾರಿಗೂ ಏನೂ ಆಗುವುದಿಲ್ಲ. ಆದರೂ ಈ ಒಂದು ಪ್ರಕರಣವನ್ನು ಹಿಡಿದು ಕೂರುವುದು ಸಾರ್ಥಕ. ಸೀನಿನಲ್ಲಿ ಯಾವುದು ನಮ್ಮ ಹಿಡಿತದಲ್ಲಿದೆ, ಯಾವುದು ಇಲ್ಲ, ಆ ಎರಡೂ ಒಂದಕ್ಕೊಂದು ಎದುರು ನಿಂತರೆ ಏನಾಗುತ್ತದೆ ಎಂಬುದು ಇಷ್ಟು ಸ್ಪಷ್ಟವಾಗಿ ಬೇರೆಡೆ ಕಾಣಸಿಗುವುದು ಕಡಿಮೆ.

ಸೀನು ಶುರುವಾಗುವ ಜಾಗ

ಮೂಗಿನ ಒಳಪೊರೆಯಲ್ಲಿ ನೋವು, ತುರಿಕೆ, ಖಾರ, ತಣ್ಣನೆಯ ಗಾಳಿ ಇವನ್ನೆಲ್ಲ ಗುರುತಿಸುವ ಸೂಕ್ಷ್ಮ ನರತುದಿಗಳು ಹರಡಿಕೊಂಡಿವೆ. ಇವು ಐದನೆಯ ಕಪಾಲ ನರದ, ಅಂದರೆ ಟ್ರೈಜೆಮಿನಲ್ ನರದ ಕವಲುಗಳು. ಮೂಗಿನ ಮುಂಭಾಗ ಮತ್ತು ಮೇಲ್ಭಾಗದ ಸುದ್ದಿಯನ್ನು ಮುಂದಿನ ಎತ್ಮಾಯ್ಡ್ ನರ ಒಯ್ಯುತ್ತದೆ. ಹಿಂಭಾಗದ ಸುದ್ದಿ ಮೇಲ್ದವಡೆಯ ನರದ ಕವಲುಗಳಲ್ಲಿ ಸಾಗುತ್ತದೆ. ಧೂಳು ಅಥವಾ ಮೆಣಸಿನ ಘಾಟು ಈ ತುದಿಗಳನ್ನು ನೇರವಾಗಿ ಕೆರಳಿಸಬಹುದು. ಅಲರ್ಜಿಯಲ್ಲಿ ದಾರಿ ಸ್ವಲ್ಪ ಬೇರೆ. ಪರಾಗದ ಕಣ ಒಳಪೊರೆಗೆ ತಾಗಿದೊಡನೆ ಅಲ್ಲಿರುವ ಮಾಸ್ಟ್ ಕೋಶಗಳು ಹಿಸ್ಟಮಿನ್ ಚೆಲ್ಲುತ್ತವೆ, ಅದು ನರತುದಿಗಳ ಮೇಲಿನ ಎಚ್1 ಗ್ರಾಹಕಗಳಿಗೆ ಅಂಟುತ್ತದೆ. ಅಲರ್ಜಿಯ ಮಾತ್ರೆ ಸೀನನ್ನು ಕಡಿಮೆ ಮಾಡುವುದು ಈ ಗ್ರಾಹಕವನ್ನು ಮುಚ್ಚುವ ಮೂಲಕ. ಮೆಣಸಿನ ಪುಡಿಯಿಂದ ಬರುವ ಸೀನಿಗೆ ಅದೇ ಮಾತ್ರೆ ಅಷ್ಟಾಗಿ ನಾಟದಿರುವುದೂ ಇದೇ ಕಾರಣಕ್ಕೆ.

ಅಲ್ಲಿಂದ ಸಂದೇಶ ಮಿದುಳುಕಾಂಡ ಸೇರುತ್ತದೆ. ಟ್ರೈಜೆಮಿನಲ್ ನರ ಮಿದುಳುಕಾಂಡವನ್ನು ಹೊಕ್ಕ ಮೇಲೆ ಅದರ ಈ ತಂತುಗಳು ಕೆಳಗಿಳಿದು, ಮಿದುಳುಕಾಂಡದ ಕೆಳಭಾಗವಾದ ಮೆಡುಲ್ಲಾದ ಪಕ್ಕದಲ್ಲಿರುವ ಕೋಶಗುಂಪಿನಲ್ಲಿ ಕೊನೆಯಾಗುತ್ತವೆ. ಅಮೆರಿಕದ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಸಂಶೋಧಕರು 2021ರಲ್ಲಿ ಇಲಿಗಳಲ್ಲಿ ಈ ಜಾಡನ್ನು ಬಿಡಿಸಿ ತೋರಿಸಿದರು. ಮೂಗಿನ ನರಕೋಶಗಳು ನ್ಯೂರೋಮೆಡಿನ್ ಬಿ ಎಂಬ ಪೆಪ್ಟೈಡನ್ನು (ಪುಟ್ಟ ಪ್ರೋಟೀನ್ ತುಣುಕನ್ನು) ಬಿಡುಗಡೆ ಮಾಡುತ್ತವೆ, ಅದನ್ನು ಹಿಡಿಯುವ ಗ್ರಾಹಕವುಳ್ಳ ಕೋಶಗಳು ಮೆಡುಲ್ಲಾದಲ್ಲಿವೆ, ಅವು ತಮ್ಮ ತಂತುಗಳನ್ನು ಉಸಿರು ಹೊರಹಾಕುವ ಸ್ನಾಯುಗಳನ್ನು ನಡೆಸುವ ಕೋಶಗುಂಪಿಗೆ ಚಾಚಿವೆ. ಈ ಪೆಪ್ಟೈಡಿನ ಕೆಲಸವನ್ನು ತಡೆದಾಗ ಇಲಿಗಳ ಸೀನು ತೀರಾ ಕಡಿಮೆಯಾಯಿತು. ಮನುಷ್ಯರಲ್ಲಿಯೂ ಈ ಕೇಂದ್ರ ಮೆಡುಲ್ಲಾದ ಪಕ್ಕದಲ್ಲೇ ಇದೆ ಎನ್ನಲು ಆಧಾರವಿದೆ. ಆ ಭಾಗಕ್ಕೆ ಪಾರ್ಶ್ವವಾಯು ಬಡಿದ ಕೆಲವು ರೋಗಿಗಳು ಸೀನುವ ಶಕ್ತಿಯನ್ನೇ ಕಳೆದುಕೊಂಡ ವರದಿಗಳಿವೆ. ಕೆರಳಿಕೆ ಅವರಿಗೆ ಗೊತ್ತಾಗುತ್ತದೆ, ಸೀನು ಮಾತ್ರ ಬರುವುದಿಲ್ಲ.

ಈ ಇಡೀ ದಾರಿಯಲ್ಲಿ ಯೋಚಿಸುವ, ತೀರ್ಮಾನಿಸುವ ಮಿದುಳಿನ ಹೊರಪದರ ಎಲ್ಲಿಯೂ ಬರುವುದಿಲ್ಲ. ‘ಸೀನು ಬರ್ತಾ ಇದೆ’ ಎಂಬ ಅರಿವು ನಮಗೆ ಸಿಗುವುದು ಪಕ್ಕದ ಕವಲಿನಿಂದ. ಸೀನಬೇಕೆ ಬೇಡವೆ ಎಂದು ಯಾರೂ ನಮ್ಮನ್ನು ಕೇಳಿರುವುದಿಲ್ಲ. ಕೆಮ್ಮಿನ ಜೊತೆ ಹೋಲಿಸಿದರೆ ವ್ಯತ್ಯಾಸ ತಿಳಿಯುತ್ತದೆ. ಕೆಮ್ಮನ್ನು ಬೇಕೆಂದಾಗ ಕೆಮ್ಮಬಹುದು, ವೈದ್ಯರು ಹೇಳಿದ ತಕ್ಷಣ ಕೆಮ್ಮಿ ತೋರಿಸಬಹುದು. ಸೀನನ್ನು ಹಾಗೆ ಬರಿಸಲಾಗದು, ಅದರ ಅನುಕರಣೆಯನ್ನಷ್ಟೇ ಮಾಡಬಹುದು.

ಹಿಂದಿರುಗಲಾಗದ ಹಂತ

ಕೆರಳಿದ ನರಕೋಶಗಳ ಸಂಖ್ಯೆ ಒಂದು ಮಿತಿ ಮುಟ್ಟುವವರೆಗೆ ಮೂಗು ತುರಿಸುತ್ತದೆ, ಕಣ್ಣಲ್ಲಿ ನೀರಾಡುತ್ತದೆ, ಒಂದೆರಡು ಅರೆಬರೆ ಉಸಿರು ಮೇಲಕ್ಕೆಳೆದುಕೊಳ್ಳುತ್ತದೆ. ಇಲ್ಲಿಗೆ ನಿಂತುಹೋಗಲೂಬಹುದು. ಬಾಯಿ ತೆರೆದು, ಕಣ್ಣು ಕಿರಿದಾಗಿಸಿ ಕಾದು ಕೊನೆಗೆ ಸೀನು ಬಾರದೇ ಹೋಗುವುದು ಹೀಗೆ. ಮಿತಿ ದಾಟಿತೆಂದರೆ ಮುಂದಿನದೆಲ್ಲ ಒಂದೇ ಪಟ್ಟಿನಲ್ಲಿ ನಡೆಯುತ್ತದೆ, ಅರ್ಧ ಸೀನು ಎಂಬುದಿಲ್ಲ.

ಮಿತಿ ದಾಟಿದ ಮೇಲೆ ಮೆಡುಲ್ಲಾ ಹಲವು ನರಗಳಿಗೆ ಒಟ್ಟಿಗೆ ಅಪ್ಪಣೆ ಕಳಿಸುತ್ತದೆ. ಕುತ್ತಿಗೆಯ ಮೂರರಿಂದ ಐದನೆಯ ನರಮೂಲಗಳಿಂದ ಹೊರಡುವ ಫ್ರೆನಿಕ್ ನರ ಎದೆ ಮತ್ತು ಹೊಟ್ಟೆಯ ನಡುವಿನ ಸ್ನಾಯುಪದರವಾದ ವಪೆಯನ್ನು ಕೆಳಕ್ಕೆಳೆಯುತ್ತದೆ. ಪಕ್ಕೆಲುಬುಗಳ ನಡುವಿನ ಸ್ನಾಯುಗಳು ಎದೆಗೂಡನ್ನು ಹಿಗ್ಗಿಸಿ ಶ್ವಾಸಕೋಶ ತುಂಬುತ್ತವೆ. ಬಳಿಕ ವೇಗಸ್ ನರದ ಕವಲುಗಳು ಧ್ವನಿತಂತುಗಳನ್ನು ಒತ್ತಿ ಜೋಡಿಸಿ ಗಾಳಿಯ ದಾರಿ ಮುಚ್ಚುತ್ತವೆ. ಆ ಮುಚ್ಚಿದ ದ್ವಾರಕ್ಕೆ ಎದುರಾಗಿ ಹೊಟ್ಟೆಯ ಸ್ನಾಯುಗಳು ಮತ್ತು ಉಸಿರು ಹೊರದೂಡುವ ಪಕ್ಕೆಲುಬು ಸ್ನಾಯುಗಳು ಪೂರ್ತಿ ಬಲದಿಂದ ಸಂಕುಚಿಸುತ್ತವೆ, ಎದೆಯೊಳಗೆ ಒತ್ತಡ ಏರುತ್ತದೆ. ಕೊನೆಗೆ ಧ್ವನಿದ್ವಾರ ಥಟ್ಟನೆ ತೆರೆದುಕೊಂಡು ಗಾಳಿ ಮೇಲಕ್ಕೆ ನುಗ್ಗುತ್ತದೆ. ನಾಲಿಗೆಯ ಬುಡ ಮೇಲೆದ್ದು ಮೃದು ಅಂಗುಳದ ಹತ್ತಿರ ಬರುವುದರಿಂದ ಗಾಳಿಯ ಒಂದು ಭಾಗ ಮೂಗಿನ ಮೂಲಕವೂ ಹೊರಟು ಕೆರಳಿಸಿದ್ದನ್ನು ತಳ್ಳಿಕೊಂಡು ಹೋಗುತ್ತದೆ. ಕೆಮ್ಮಿನಲ್ಲಿ ಮೃದು ಅಂಗುಳ ಮೂಗಿನ ದಾರಿಯನ್ನು ಮುಚ್ಚಿಬಿಡುತ್ತದೆ, ಏಕೆಂದರೆ ಅಲ್ಲಿ ತೊಳೆಯಬೇಕಾದದ್ದು ಕೆಳಗಿನ ಶ್ವಾಸನಾಳ.

ಕಣ್ಣು ಮುಚ್ಚುವುದೂ ಇದೇ ಅಪ್ಪಣೆಯ ಒಂದು ತುಣುಕು. ಏಳನೆಯ ಕಪಾಲ ನರ ರೆಪ್ಪೆಯ ಸುತ್ತಲಿನ ಸ್ನಾಯುವನ್ನು ಬಿಗಿಯುತ್ತದೆ. ಟ್ರೈಜೆಮಿನಲ್ ನರ ಮತ್ತು ಮುಖದ ನರದ ನಡುವಿನ ಇದೇ ಸಂಪರ್ಕ ಕಣ್ಣಿಗೆ ಧೂಳು ತಾಗಿದಾಗಲೂ ರೆಪ್ಪೆ ಬಡಿಸುತ್ತದೆ. ಕಣ್ಣು ತೆರೆದಿಟ್ಟರೆ ಗುಡ್ಡೆ ಹೊರಬೀಳುತ್ತದೆ ಎಂಬ ಮಾತಿನಲ್ಲಿ ಹುರುಳಿಲ್ಲ. ಗುಡ್ಡೆಯನ್ನು ಆರು ಸ್ನಾಯುಗಳು ಹಿಡಿದಿವೆ, ಕಣ್ಣು ತೆರೆದೇ ಸೀನುವವರೂ ಇದ್ದಾರೆ. ಹೃದಯ ನಿಲ್ಲುತ್ತದೆ ಎಂಬುದೂ ನಿಜವಲ್ಲ. ಎದೆಯೊಳಗಿನ ಒತ್ತಡ ಏರಿಳಿದಾಗ ಹೃದಯಕ್ಕೆ ಮರಳುವ ರಕ್ತದ ಪ್ರಮಾಣ ಕ್ಷಣಕಾಲ ಬದಲಾಗುತ್ತದೆ, ಬಡಿತದ ಲಯ ತುಸು ಹೆಚ್ಚುಕಡಿಮೆಯಾಗುತ್ತದೆ, ಅಷ್ಟೆ. ಸೀನಿನ ನಂತರ ಮೂಗು, ಕಣ್ಣುಗಳಿಂದ ನೀರು ಸುರಿಯುವುದು ಮಿದುಳುಕಾಂಡ ಗ್ರಂಥಿಗಳಿಗೂ ಸಂದೇಶ ಕಳಿಸಿರುವುದರಿಂದ. ನಿದ್ದೆಯಲ್ಲಿ ಸೀನು ಸಾಮಾನ್ಯವಾಗಿ ಬರುವುದಿಲ್ಲ. ಕೆರಳಿಕೆ ಜೋರಾಗಿದ್ದರೆ ಮೊದಲು ಎಚ್ಚರವಾಗುತ್ತದೆ, ಆಮೇಲೆ ಸೀನು.

ಬೆರಳು ಮಾತು ಕೇಳುತ್ತದೆ, ಹೊಟ್ಟೆ ಕೇಳುವುದಿಲ್ಲ

ಲೆಸ್ಟರ್‌ನ ರೋಗಿಗೆ ಏನಾಯಿತು ಎಂಬುದರ ತಿರುಳು ಇಲ್ಲಿದೆ. ಮಿತಿ ದಾಟಿದ ಮೇಲೂ ಬೆರಳು ಮತ್ತು ತುಟಿ ಆತನ ಅಧೀನದಲ್ಲೇ ಇದ್ದವು. ಹೊಟ್ಟೆ ಮತ್ತು ಎದೆಯ ಸ್ನಾಯುಗಳು ಇರಲಿಲ್ಲ, ಅವು ಮೆಡುಲ್ಲಾದ ಕೈಗೆ ಹೋಗಿಬಿಟ್ಟಿದ್ದವು. ಮೂಗು, ಬಾಯಿ ಮುಚ್ಚಿದರೆ ಸೀನು ನಿಲ್ಲುತ್ತದೆ ಎಂದು ನಾವೆಲ್ಲ ಅಂದುಕೊಳ್ಳುತ್ತೇವೆ. ನಿಲ್ಲುವುದು ಸೀನಿನ ಸದ್ದು. ಎದೆಯ ಸ್ನಾಯುಗಳು ಅದೇ ಬಲದಿಂದ ಒತ್ತುತ್ತಲೇ ಇರುತ್ತವೆ, ಗಾಳಿಗೆ ಹೋಗಲು ಜಾಗ ಮಾತ್ರ ಇರುವುದಿಲ್ಲ.

ಒತ್ತಡದ ಲೆಕ್ಕ ನೋಡಿದರೆ ಇದು ಇನ್ನೂ ಸ್ಪಷ್ಟ. 2000ದಲ್ಲಿ ಪ್ರಕಟವಾದ ಅಳತೆಗಳ ಪ್ರಕಾರ ಸಹಜವಾಗಿ ಸೀನಿದಾಗ ಮೂಗಿನೊಳಗಿನ ಒತ್ತಡ ಸರಾಸರಿ 4.6 ಮಿಲಿಮೀಟರ್ ಪಾದರಸದಷ್ಟು. ಕೆಮ್ಮಿದಾಗ 6.6, ಮೂಗು ಸೀಟಿದಾಗ 66. ಅಂದರೆ ಹೊರದಾರಿ ತೆರೆದಿದ್ದರೆ ಸೀನು ಮೂಗಿಗೆ ಬಹಳ ಮೃದುವಾದ ಕ್ರಿಯೆ. ಮೂಗಿನ ಹೊಳ್ಳೆ ಒತ್ತಿ ಸೀಟುವುದೇ ಅದಕ್ಕಿಂತ ಹತ್ತು ಪಟ್ಟಿಗೂ ಹೆಚ್ಚು ಒತ್ತಡದ್ದು. ಸೀನಿನ ಗಾಳಿ ಗಂಟೆಗೆ 160 ಕಿಲೋಮೀಟರ್ ವೇಗದಲ್ಲಿ ಹೋಗುತ್ತದೆ ಎಂಬ ಜನಪ್ರಿಯ ಅಂಕಿಯನ್ನೂ ನಂಬಬೇಕಿಲ್ಲ. ಸಿಂಗಪುರದಲ್ಲಿ ಸ್ವಯಂಸೇವಕರ ಮೇಲೆ ನಡೆಸಿ 2013ರಲ್ಲಿ ಪ್ರಕಟಿಸಿದ ಅಳತೆಯಲ್ಲಿ ಸಿಕ್ಕ ಗರಿಷ್ಠ ವೇಗ ಸೆಕೆಂಡಿಗೆ 4.5 ಮೀಟರ್, ಅಂದರೆ ಗಂಟೆಗೆ ಸುಮಾರು 16 ಕಿಲೋಮೀಟರ್.

ಎರಡೂ ದಾರಿ ಮುಚ್ಚಿದಾಗ ಚಿತ್ರ ಪೂರ್ತಿ ಬದಲಾಗುತ್ತದೆ. ಹರಿಯುವ ಗಾಳಿ ಇಲ್ಲ, ಇರುವುದು ನಿಂತ ಗಾಳಿ, ಅದರ ಮೇಲೆ ಎದೆಯ ಪೂರ್ತಿ ಒತ್ತಡ. ಮುಚ್ಚಿದ ಕೊಠಡಿಯಲ್ಲಿ ಒತ್ತಡ ಎಲ್ಲ ದಿಕ್ಕಿಗೂ ಸಮನಾಗಿ ಹರಡುತ್ತದೆ, ಯಾವ ಗೋಡೆ ತೆಳುವೋ ಅದು ಮೊದಲು ಸೋಲುತ್ತದೆ. ಮೇಲಿನ ಶ್ವಾಸದಾರಿಯ ಒತ್ತಡ ಹೀಗೆ 20 ಪಟ್ಟಿನವರೆಗೂ ಏರಬಹುದು ಎಂದು ಇಂಥದೇ ಇನ್ನೊಂದು ಪ್ರಕರಣ ಬರೆದ ಸ್ಕಾಟ್ಲೆಂಡಿನ ವೈದ್ಯರು ಹೇಳಿದ್ದಾರೆ.

ಇಲ್ಲಿ ಒಂದು ಪ್ರಶ್ನೆ ಏಳಬೇಕು. ಬಲವಾದ ಕೆಮ್ಮಿನಲ್ಲಿ ಎದೆಯೊಳಗಿನ ಒತ್ತಡ 300 ಮಿಲಿಮೀಟರ್ ಪಾದರಸದವರೆಗೂ ಏರಬಲ್ಲದು. ಆಗ ಏಕೆ ಯಾವ ಗೋಡೆಯೂ ಹರಿಯುವುದಿಲ್ಲ? ಉತ್ತರ ಒಳಗಿನ ಒತ್ತಡದಲ್ಲಿ ಇಲ್ಲ, ಒಳಗಿನ ಮತ್ತು ಹೊರಗಿನ ಒತ್ತಡಗಳ ವ್ಯತ್ಯಾಸದಲ್ಲಿದೆ. ಎದೆಗೂಡಿನ ಒಳಗಿರುವ ಶ್ವಾಸನಾಳದ ಸುತ್ತಲೂ ಅದೇ ಏರಿದ ಒತ್ತಡವಿರುತ್ತದೆ. ಒಳಗಿನಿಂದ ಎಷ್ಟು ತಳ್ಳುತ್ತದೋ ಹೊರಗಿನಿಂದಲೂ ಸುಮಾರು ಅಷ್ಟೇ ಒತ್ತುವುದರಿಂದ ಗೋಡೆಯ ಮೇಲೆ ಬೀಳುವ ಹೊರೆ ಕಡಿಮೆ. ಕುತ್ತಿಗೆಗೆ ಈ ರಕ್ಷಣೆ ಇಲ್ಲ, ಅದು ಎದೆಗೂಡಿನ ಹೊರಗಿದೆ. ಗಂಟಲಿನ ಗೋಡೆಯ ಹೊರಗೆ ಇರುವುದು ಹೆಚ್ಚುಕಡಿಮೆ ವಾತಾವರಣದ ಒತ್ತಡವೇ. ಕೆಮ್ಮಿನಲ್ಲಿ ಧ್ವನಿದ್ವಾರ ಮುಚ್ಚಿರುವಷ್ಟು ಹೊತ್ತು ಗಂಟಲಿಗೆ ಆ ಒತ್ತಡ ತಲಪುವುದಿಲ್ಲ. ದ್ವಾರ ತೆರೆದಾಗ ಬಾಯಿಯೂ ತೆರೆದಿರುತ್ತದೆ. ತಡೆದ ಸೀನಿನಲ್ಲಿ ಧ್ವನಿದ್ವಾರ ತೆರೆಯುತ್ತದೆ, ಬಾಯಿ ಮೂಗು ತೆರೆಯುವುದಿಲ್ಲ. ಎದೆಯ ಒತ್ತಡ ಪೂರ್ತಿಯಾಗಿ ಗಂಟಲಿಗೆ ಬಂದು ನಿಲ್ಲುತ್ತದೆ. ಈ ಪ್ರಕರಣ ಅರ್ಥವಾಗಲು ಇದಕ್ಕಿಂತ ಮುಖ್ಯವಾದ ಸಂಗತಿ ಇನ್ನೊಂದಿಲ್ಲ.

ತೆಳುವಾದ ಗೋಡೆ ಎಲ್ಲಿದೆ? ಧ್ವನಿಪೆಟ್ಟಿಗೆಯ ಎರಡೂ ಪಕ್ಕದಲ್ಲಿ, ಅನ್ನನಾಳ ಶುರುವಾಗುವ ಮುನ್ನ, ಕಿರಿದಾಗುತ್ತಾ ಕೊನೆಯಾಗುವ ಒಂದೊಂದು ಕುಳಿ ಇದೆ, ಪೈರಿಫಾರ್ಮ್ ಸೈನಸ್ ಎಂದು ಹೆಸರು. ನುಂಗಿದ ಆಹಾರ ಧ್ವನಿಪೆಟ್ಟಿಗೆಯನ್ನು ಬಳಸಿ ಇಳಿಯುವ ದಾರಿ ಇದು. ಮೇಲ್ಭಾಗದಲ್ಲಿ ಇದರ ಹೊರಗೋಡೆಗೆ ಆಸರೆಯಾಗಿರುವುದು ಥೈರೋಹಯಾಯ್ಡ್ ಎಂಬ ಒಂದು ಪೊರೆ ಮಾತ್ರ, ಅದನ್ನು ತೂರಿಕೊಂಡು ಒಂದು ನರ ಮತ್ತು ಒಂದು ರಕ್ತನಾಳ ಒಳಹೋಗುತ್ತವೆ. ಲೆಸ್ಟರ್‌ನ ವೈದ್ಯರು ರಂಧ್ರವಾದ ಜಾಗವೆಂದು ಗುರುತಿಸಿದ್ದು ಈ ಪೈರಿಫಾರ್ಮ್ ಸೈನಸನ್ನೇ.

ಕೈಗೆ ಸಿಕ್ಕ ಸುಳಿವು

ಕುತ್ತಿಗೆಯನ್ನು ಮುಟ್ಟಿ ನೋಡಿದಾಗ ಚರ್ಮದಡಿ ಕರಕರ ಎನ್ನುತ್ತಿತ್ತು, ಒಣಗಿದ ತರಗೆಲೆ ತುಂಬಿದ ಚೀಲವನ್ನು ಒತ್ತಿದ ಹಾಗೆ. ಕ್ರೆಪಿಟಸ್ ಎನ್ನುವ ಈ ಲಕ್ಷಣ ಕುತ್ತಿಗೆಯಿಂದ ಪಕ್ಕೆಲುಬುಗಳವರೆಗೂ ಇಳಿದಿತ್ತು. ಅಂಗಾಂಶದ ಪದರಗಳ ನಡುವೆ ಗಾಳಿಗುಳ್ಳೆ ಸೇರಿದೆ ಎಂಬುದಕ್ಕೆ ಇದು ಸ್ಪಷ್ಟ ಗುರುತು. ಊದಿದ ಕುತ್ತಿಗೆಯನ್ನು ಕಣ್ಣಿನಿಂದ ನೋಡಿ ಅಲರ್ಜಿಯ ಬಾವು ಎಂದು ತಪ್ಪು ತಿಳಿಯುವ ಸಾಧ್ಯತೆ ಇದೆ. ಅಲರ್ಜಿಯ ಬಾವು ಮೆತ್ತಗಿರುತ್ತದೆ, ಕರಕರ ಎನ್ನುವುದಿಲ್ಲ. ಬೆರಳ ತುದಿಯಿಂದ ಹಗುರವಾಗಿ ಒತ್ತಿ ನೋಡಲು ಅರ್ಧ ನಿಮಿಷ ಸಾಕು, ಆ ಅರ್ಧ ನಿಮಿಷ ಉಳಿಸಬಾರದು. ಇಂಥ ರೋಗಿಗಳಲ್ಲಿ ಎದೆಯ ನಡುಭಾಗಕ್ಕೆ ಗಾಳಿ ಇಳಿದಿದ್ದರೆ ಸ್ಟೆತಸ್ಕೋಪಿನಲ್ಲಿ ಹೃದಯ ಬಡಿತದ ಜೊತೆಜೊತೆಗೇ ಕರಕರ ಸದ್ದು ಕೇಳಿಸುವುದುಂಟು.

ಕುತ್ತಿಗೆಯ ಎಕ್ಸ್‌ರೇಯಲ್ಲಿ ಗಂಟಲಕುಳಿಯ ಹಿಂಭಾಗದಲ್ಲಿ, ಬೆನ್ನುಮೂಳೆಯ ಮುಂದೆ, ಗಾಳಿಯ ಕಪ್ಪು ಗೆರೆಗಳು ಕಂಡವು. ಶ್ವಾಸನಾಳದ ಮುಂದಿನ ಅಂಗಾಂಶದಲ್ಲೂ ಗಾಳಿ ಹರಡಿತ್ತು. ಸಿಟಿ ಸ್ಕ್ಯಾನ್ ಇದನ್ನು ಖಚಿತಪಡಿಸಿತು. ಗಂಟಲ ಹಿಂದಿನ ಆ ಜಾಗ ಅಪಾಯಕಾರಿ. ಅದು ತಲೆಬುರುಡೆಯ ಬುಡದಿಂದ ಎದೆಯ ಮೇಲ್ಭಾಗದವರೆಗೆ ಚಾಚಿದೆ, ಅದರ ಬೆನ್ನಿಗಿರುವ ಮತ್ತೊಂದು ಪದರ ವಪೆಯವರೆಗೂ ಇಳಿಯುತ್ತದೆ. ಗಾಳಿ ಇಳಿದ ದಾರಿಯಲ್ಲೇ ಬಾಯಿಯ ಬ್ಯಾಕ್ಟೀರಿಯಾವೂ ಇಳಿಯಬಹುದು. ಗಾಳಿಯನ್ನು ದೇಹ ತಾನಾಗಿಯೇ ಹೀರಿಕೊಳ್ಳುತ್ತದೆ. ಸೋಂಕು ಹೃದಯದ ಸುತ್ತಲಿನ ಜಾಗಕ್ಕೆ ತಲಪಿದರೆ ಜೀವಕ್ಕೇ ಕುತ್ತು. ಚಿಕಿತ್ಸೆಯ ಪ್ರತಿಯೊಂದು ಹೆಜ್ಜೆಯೂ ಈ ಒಂದು ಭಯದ ಸುತ್ತ ರೂಪುಗೊಳ್ಳುತ್ತದೆ.

ಚಿಕಿತ್ಸೆ, ಮತ್ತು ಅದರ ಹಿಂದಿನ ಕಾರಣಗಳು

ರೋಗಿಯನ್ನು ದಾಖಲಿಸಿಕೊಂಡು ಬಾಯಿಂದ ಊಟ ನಿಲ್ಲಿಸಲಾಯಿತು. ಮೂಗಿನ ಮೂಲಕ ಹೊಟ್ಟೆಗೆ ಇಳಿಸಿದ ನಳಿಕೆಯಲ್ಲಿ ಆಹಾರ, ರಕ್ತನಾಳದ ಮೂಲಕ ಆಂಟಿಬಯಾಟಿಕ್. ಶಸ್ತ್ರಚಿಕಿತ್ಸೆ ಮಾಡಲಿಲ್ಲ. ಏಳು ದಿನದ ಹೊತ್ತಿಗೆ ಊತ, ನೋವು ಇಳಿದು ಮೆತ್ತನೆಯ ಆಹಾರ ನುಂಗುವಂತಾದ, ಮನೆಗೆ ಕಳಿಸಿದರು. ಎರಡು ತಿಂಗಳ ನಂತರ ನೋಡಿದಾಗ ಯಾವ ತೊಂದರೆಯೂ ಉಳಿದಿರಲಿಲ್ಲ.

ಇಷ್ಟು ಸರಳವಾಗಿ ಕಾಣುವ ಚಿಕಿತ್ಸೆಯಲ್ಲಿ ಎಡವಲು ಜಾಗ ಬಹಳ. ಬಾಯಿಂದ ಊಟ ನಿಲ್ಲಿಸುವುದು ಅನ್ನದ ಅಗುಳು ಅಥವಾ ನೀರು ರಂಧ್ರದ ಮೂಲಕ ಕುತ್ತಿಗೆಯ ಆಳಕ್ಕೆ ಸೇರದಿರಲಿ ಎಂದು. ನಳಿಕೆಯನ್ನು ಕುರುಡಾಗಿ ತಳ್ಳಿದರೆ ಅದೇ ರಂಧ್ರಕ್ಕೆ ಹೊಕ್ಕು ಸೀಳನ್ನು ದೊಡ್ಡದು ಮಾಡಬಹುದು, ಹಾಗಾಗಿ ಇಂಥ ಕಡೆ ಅದನ್ನು ಅನುಭವಿಗಳೇ ಇಳಿಸಬೇಕು, ಸಾಧ್ಯವಾದರೆ ಗಂಟಲನ್ನು ಕ್ಯಾಮೆರಾದಲ್ಲಿ ನೋಡುತ್ತಾ. ಆಂಟಿಬಯಾಟಿಕ್ ಆಮ್ಲಜನಕವಿರುವಲ್ಲಿ ಬೆಳೆಯುವ ಮತ್ತು ಇಲ್ಲದಲ್ಲಿ ಬೆಳೆಯುವ ಎರಡೂ ಬಗೆಯ ಬ್ಯಾಕ್ಟೀರಿಯಾವನ್ನು ಕೊಲ್ಲುವಂಥದ್ದಾಗಿರಬೇಕು, ಏಕೆಂದರೆ ಬಾಯಿಯಲ್ಲಿ ಎರಡೂ ಇವೆ. ಉಸಿರಾಟಕ್ಕೆ ನೆರವು ಬೇಕೆನಿಸಿದರೂ ಮಾಸ್ಕ್ ಕಟ್ಟಿ ಒತ್ತಡದಿಂದ ಗಾಳಿ ತಳ್ಳುವುದು ಇಲ್ಲಿ ತಪ್ಪು. ತಳ್ಳಿದ ಗಾಳಿ ರಂಧ್ರದಿಂದಲೇ ಹೊರಬಿದ್ದು ಊತ ಹೆಚ್ಚುತ್ತದೆ. ಕೆಮ್ಮು, ಮಲಬದ್ಧತೆಯ ತಿಣುಕು, ಭಾರ ಎತ್ತುವುದು ಇವೆಲ್ಲವೂ ಅದೇ ಒತ್ತಡವನ್ನು ಮತ್ತೆ ಹುಟ್ಟಿಸುತ್ತವೆ, ಆದ್ದರಿಂದ ಕೆಮ್ಮಿಗೆ ಮತ್ತು ಮಲ ಸಡಿಲವಾಗಲು ಔಷಧಿ ಕೊಡುವುದು ಸಣ್ಣ ವಿಷಯವಲ್ಲ.

ಮತ್ತೆ ಬಾಯಿಂದ ತಿನ್ನಿಸುವ ಮುನ್ನ ಸೋರಿಕೆ ನಿಂತಿದೆಯೇ ಎಂದು ನೋಡಲು ಬಣ್ಣದ್ರವ ನುಂಗಿಸಿ ಎಕ್ಸ್‌ರೇ ತೆಗೆಯುವ ರೂಢಿ ಇದೆ. ಅದಕ್ಕೆ ನೀರಿನಲ್ಲಿ ಕರಗುವ ದ್ರವವನ್ನೇ ಮೊದಲು ಬಳಸುತ್ತಾರೆ. ಇನ್ನೊಂದು ಬಣ್ಣದ್ರವವಾದ ಬೇರಿಯಂ ಸೋರಿ ಎದೆಯ ನಡುಭಾಗ ಸೇರಿದರೆ ಅಲ್ಲಿ ಉರಿಯೂತ ಎಬ್ಬಿಸುತ್ತದೆ. ಸಣ್ಣ ಸೀಳು, ಜ್ವರವಿಲ್ಲ, ಕೀವು ಕೂಡಿಲ್ಲ, ಉಸಿರಾಟ ಸರಿಯಾಗಿದೆ ಎಂದಾದರೆ ಕಾಯುವುದೇ ಸರಿಯಾದ ದಾರಿ, ಗಂಟಲಿನ ಒಳಪೊರೆ ಬೇಗ ಕೂಡಿಕೊಳ್ಳುತ್ತದೆ. ಜ್ವರ ಏರಿದರೆ, ಸ್ಕ್ಯಾನಿನಲ್ಲಿ ಕೀವು ಕಂಡರೆ, ಉಸಿರು ಕಟ್ಟತೊಡಗಿದರೆ ಕಾಯಬಾರದು, ಆಗ ಕುತ್ತಿಗೆ ತೆರೆದು ಸ್ವಚ್ಛಮಾಡಬೇಕಾಗುತ್ತದೆ.

ಸ್ಕಾಟ್ಲೆಂಡಿನ ಡಂಡಿಯಲ್ಲಿ ಕಂಡ ಪ್ರಕರಣ 2023ರಲ್ಲಿ ವರದಿಯಾಯಿತು. ಪರಾಗದ ಅಲರ್ಜಿಯಿದ್ದ, ಮೂವತ್ತರ ಹರೆಯದ ಗಂಡಸು ಕಾರಿನಲ್ಲಿ ಸೀಟ್ ಬೆಲ್ಟ್ ಹಾಕಿಕೊಂಡಿದ್ದಾಗ ಹೀಗೆಯೇ ಸೀನು ತಡೆದ. ಅಲ್ಲಿ ಹರಿದದ್ದು ಶ್ವಾಸನಾಳ, 2 ಮಿಲಿಮೀಟರ್ ಅಗಲ, 5 ಮಿಲಿಮೀಟರ್ ಉದ್ದ. ಆತ ನುಂಗಬಲ್ಲವನಾಗಿದ್ದ, ಉಸಿರಾಟಕ್ಕೂ ತೊಡಕಿರಲಿಲ್ಲ. ಶಸ್ತ್ರಚಿಕಿತ್ಸೆ ಇಲ್ಲದೆ ನಿಗಾದಲ್ಲಿಟ್ಟು, ನೋವಿಗೂ ಅಲರ್ಜಿಗೂ ಔಷಧಿ ಕೊಟ್ಟು ಕಳಿಸಿದರು. ಐದು ವಾರದ ನಂತರದ ಸ್ಕ್ಯಾನಿನಲ್ಲಿ ಸೀಳು ಕೂಡಿಕೊಂಡಿತ್ತು. ಒಂದೇ ಕ್ರಿಯೆ, ಸೋತ ಗೋಡೆ ಬೇರೆ. ಗಂಟಲು ಉಳಿದುಕೊಂಡರೂ ಒತ್ತಡ ಮೂಗಿನ ಹಿಂಭಾಗದ ಯೂಸ್ಟೇಶಿಯನ್ ನಾಳದ ಮೂಲಕ ಕಿವಿಗೆ ಹೋಗಿ ತಮಟೆ ಹರಿಯಬಹುದು. ಮುಖದ ಮೂಳೆಯಲ್ಲಿ ಬಿರುಕಿದ್ದವರಿಗೆ ಗಾಳಿ ಕಣ್ಣಿನ ಗೂಡಿಗೆ ಸೇರಬಹುದು. ಮಿದುಳಿನ ರಕ್ತನಾಳದಲ್ಲಿ ಮೊದಲೇ ಉಬ್ಬು ಇದ್ದವರಲ್ಲಿ ಅದು ಒಡೆಯುವ ಸಾಧ್ಯತೆಯನ್ನೂ ಲೆಸ್ಟರ್‌ನ ವೈದ್ಯರು ಎಚ್ಚರಿಕೆಯಾಗಿ ಬರೆದಿದ್ದಾರೆ.

ಎಲ್ಲಿ ತಡೆಯಬಹುದು, ಎಲ್ಲಿ ತಡೆಯಬಾರದು

ಸೀನು ತಡೆಯಲೇಬಾರದು ಎಂದು ಸಾರಾಸಗಟಾಗಿ ಹೇಳುವುದು ಸರಿಯಲ್ಲ. ತುರಿಕೆ ಶುರುವಾಗಿ ದೊಡ್ಡ ಉಸಿರು ಒಳಗೆ ಹೋಗುವ ಮುನ್ನ ಪ್ರಯತ್ನಿಸಬಹುದು. ಮೂಗಿನ ಕೆಳಗೆ, ಮೇಲ್ದುಟಿಯ ನಡುವಿನ ಗುಳಿಯನ್ನು ತೋರುಬೆರಳಿನಿಂದ ಗಟ್ಟಿಯಾಗಿ ಐದಾರು ಸೆಕೆಂಡ್ ಒತ್ತಿ ಹಿಡಿಯಿರಿ, ಅಥವಾ ಮೂಗಿನ ತುದಿಯನ್ನು ಉಜ್ಜಿ. ಈ ಜಾಗದ ಸ್ಪರ್ಶವೂ ಅದೇ ಟ್ರೈಜೆಮಿನಲ್ ನರದಲ್ಲಿ ಸಾಗುವುದರಿಂದ ಕೆರಳಿಕೆಯ ಸಂದೇಶ ಮಂಕಾಗಿ ಮಿತಿ ಮುಟ್ಟದೇ ಉಳಿಯಬಹುದು. ಪ್ರತಿ ಸಲ ಫಲಿಸುವುದಿಲ್ಲ. ಎದೆ ತುಂಬ ಉಸಿರು ಹೋಯಿತೆಂದರೆ ಬೆರಳು ತೆಗೆದುಬಿಡಿ, ಅಲ್ಲಿಂದ ಮುಂದೆ ಮಾಡಬೇಕಾದದ್ದು ಒಂದೇ: ಬಾಯಿ ತೆರೆಯುವುದು. ಮೊಣಕೈ ಮಡಿಚಿ ಅದರ ಒಳಭಾಗಕ್ಕೆ ಅಥವಾ ಕಾಗದದ ಕರವಸ್ತ್ರಕ್ಕೆ ಸಡಿಲವಾಗಿ ಮುಖವಿಟ್ಟು ಸೀನಿ. ತುಂತುರು ತಡೆಯಲು ಬೇಕಾದದ್ದು ಅಡ್ಡ ಹಿಡಿಯುವುದು, ಬಿಗಿದು ಮುಚ್ಚುವುದಲ್ಲ. ಅಡ್ಡ ಹಿಡಿಯದಿದ್ದರೆ ಸೀನಿನ ಬೆಚ್ಚನೆಯ ತೇವದ ಮೋಡ 7ರಿಂದ 8 ಮೀಟರ್ ದೂರದವರೆಗೂ ಹನಿಗಳನ್ನು ಹೊತ್ತೊಯ್ಯಬಲ್ಲದು ಎಂದು ಅಮೆರಿಕದ ಎಂಐಟಿಯ ವಿಜ್ಞಾನಿ ಲಿಡಿಯಾ ಬೊರೋಯಿಬಾ 2020ರಲ್ಲಿ ಬರೆದಿದ್ದಾರೆ. ಸದ್ದು ಕಡಿಮೆಯಾಗಬೇಕೆಂದರೆ ಬಾಯಿ ತೆರೆದಿಟ್ಟು, ದನಿ ಸೇರಿಸದೆ ಗಾಳಿಯನ್ನಷ್ಟೇ ಬಿಡಿ. ‘ಆಕ್ಷೀ’ ಎಂಬ ಸದ್ದಿನ ದೊಡ್ಡ ಪಾಲು ಧ್ವನಿತಂತುಗಳಿಂದ ಬರುವಂಥದ್ದು, ಅಷ್ಟು ಪಾಲು ನಮ್ಮ ಹಿಡಿತದಲ್ಲಿದೆ.

ಮೂಗು, ಸೈನಸ್, ಕಿವಿ ಅಥವಾ ತಲೆಬುರುಡೆಯ ಬುಡದ ಶಸ್ತ್ರಚಿಕಿತ್ಸೆ ಆದವರಿಗೆ ಬಾಯಿ ತೆರೆದೇ ಸೀನಬೇಕು ಎಂದು ವೈದ್ಯರು ಹೇಳಿ ಕಳಿಸುವುದು ಇದೇ ಕಾರಣಕ್ಕೆ. ಅವರು ವೈದ್ಯರು ಅನುಮತಿ ಕೊಡುವವರೆಗೆ ಮೂಗನ್ನೂ ಸೀಟಬಾರದು. ಹೊಟ್ಟೆಯ ಶಸ್ತ್ರಚಿಕಿತ್ಸೆಯಾದವರು ಸೀನು ಬರುವಾಗ ಹೊಲಿಗೆಯ ಮೇಲೆ ದಿಂಬು ಒತ್ತಿ ಹಿಡಿದರೆ ಹೊಲಿಗೆಯ ಮೇಲಿನ ಎಳೆತ ಕಡಿಮೆಯಾಗುತ್ತದೆ. ಬೆನ್ನುನೋವಿದ್ದವರು ಮುಂದಕ್ಕೆ ಬಾಗಿ ಸೀನಬಾರದು. ಬೆನ್ನು ನೆಟ್ಟಗಿಟ್ಟು, ಮಂಡಿ ತುಸು ಸಡಿಲಿಸಿ, ಒಂದು ಕೈಯನ್ನು ಮೇಜಿನ ಮೇಲೋ ಗೋಡೆಗೋ ಊರಿದರೆ ಒಳ್ಳೆಯದು. ಸೀನಿದಾಗ ಮೂತ್ರ ಜಿನುಗುವವರು ಸೀನಿನ ಮುನ್ಸೂಚನೆ ಸಿಕ್ಕ ಕೂಡಲೇ ಮೂತ್ರ ತಡೆಯುವ ಸ್ನಾಯುಗಳನ್ನು ಬಿಗಿದು ಸೀನು ಮುಗಿಯುವವರೆಗೆ ಹಿಡಿದಿಡಬೇಕು. ಇದು ಅಭ್ಯಾಸದಿಂದ ಬರುತ್ತದೆ.

ಬಿಸಿಲಿಗೆ ಬಂದೊಡನೆ ಸೀನುವವರದು ಬೇರೆ ದಾರಿ. ಸುಮಾರು 18ರಿಂದ 35 ಶೇಕಡಾ ಜನರಲ್ಲಿರುವ, ಅಪ್ಪ ಅಮ್ಮನಲ್ಲಿ ಒಬ್ಬರಿಂದ ಬಂದರೂ ಸಾಕಾಗುವ ಗುಣ ಇದು. ವಾಹನ ಓಡಿಸುವಾಗ ಸುರಂಗದಿಂದ ಬೆಳಕಿಗೆ ಬರುವ ಮುನ್ನ ಕಪ್ಪು ಕನ್ನಡಕ ಹಾಕಿಕೊಂಡಿರುವುದು, ಕಣ್ಣಿನ ಸುತ್ತ ಚುಚ್ಚುಮದ್ದು ಕೊಡುವ ಮುನ್ನ ವೈದ್ಯರಿಗೆ ಹೇಳುವುದು ಇವೆರಡನ್ನು ಇಂಥವರು ಮರೆಯಬಾರದು.

ದಿನವೂ ಸರಮಾಲೆಯಾಗಿ ಸೀನು ಬರುವವರು ತಡೆಯುವ ಉಪಾಯ ಹುಡುಕುವುದಕ್ಕಿಂತ ಮೂಗಿನ ಕೆರಳಿಕೆಗೆ ಚಿಕಿತ್ಸೆ ಪಡೆಯುವುದು ಉತ್ತಮ. ಡಂಡಿಯ ಪ್ರಕರಣದಲ್ಲೂ ಬೇರು ಅಲರ್ಜಿಯೇ. ಸೆಟ್ರಿಜಿನ್ ಅಥವಾ ಲೋರಾಟಡಿನ್ ವಯಸ್ಕರಿಗೆ ದಿನಕ್ಕೊಮ್ಮೆ 10 ಮಿಲಿಗ್ರಾಂ ರೂಢಿಯ ಪ್ರಮಾಣ. ಸೆಟ್ರಿಜಿನ್ ಕೆಲವರಿಗೆ ತೂಕಡಿಕೆ ತರುತ್ತದೆ. ಸ್ಟಿರಾಯ್ಡ್ ಸ್ಪ್ರೇ ಒಂದೆರಡು ದಿನಕ್ಕೆ ಪೂರ್ತಿ ಫಲ ಕೊಡುವುದಿಲ್ಲ, ತಪ್ಪದೆ ದಿನವೂ ಬಳಸಿದರೆ ಒಂದೆರಡು ವಾರದಲ್ಲಿ ಗುಣ ಕಾಣುತ್ತದೆ. ಸ್ಪ್ರೇ ಹಾಕುವಾಗ ತಲೆ ತುಸು ಮುಂದಕ್ಕೆ ಬಾಗಿಸಿ, ಎಡ ಹೊಳ್ಳೆಗೆ ಬಲಗೈಯಿಂದ, ಬಲ ಹೊಳ್ಳೆಗೆ ಎಡಗೈಯಿಂದ, ತುದಿಯನ್ನು ಕಿವಿಯ ಕಡೆಗೆ ತಿರುಗಿಸಿ ಒತ್ತಬೇಕು. ನಡುಗೋಡೆಗೆ ನೇರ ಬಿದ್ದರೆ ಅಲ್ಲಿ ಒಣಗಿ ರಕ್ತ ಬರುತ್ತದೆ, ಜನ ಔಷಧಿಯನ್ನೇ ಬಿಟ್ಟುಬಿಡುತ್ತಾರೆ. ಉಪ್ಪುನೀರಿನಿಂದ ಮೂಗು ತೊಳೆಯುವುದಾದರೆ ಲೀಟರಿಗೆ 9 ಗ್ರಾಂ ಉಪ್ಪು, ನೀರು ಕುದಿಸಿ ಆರಿಸಿದ್ದೇ ಆಗಿರಬೇಕು. ಕಟ್ಟಿದ ಮೂಗು ಬಿಡಿಸುವ ಆಕ್ಸಿಮೆಟಜೋಲಿನ್, ಜೈಲೋಮೆಟಜೋಲಿನ್ ಹನಿಗಳನ್ನು ಮೂರರಿಂದ ಐದು ದಿನಕ್ಕಿಂತ ಹೆಚ್ಚು ಬಳಸಿದರೆ ಮೂಗು ಮೊದಲಿಗಿಂತ ಹೆಚ್ಚು ಕಟ್ಟತೊಡಗುತ್ತದೆ.

ತಡೆದ ಸೀನಿನ ನಂತರ ಕುತ್ತಿಗೆ ಊದಿದರೆ, ಮುಟ್ಟಿದಾಗ ಕರಕರ ಎಂದರೆ, ನುಂಗಲು ನೋವಾದರೆ, ದನಿ ಬದಲಾದರೆ, ಎದೆನೋವು ಅಥವಾ ಉಸಿರಾಟದ ತೊಂದರೆ ಕಾಣಿಸಿದರೆ ಬೆಳಗಾಗಲಿ ಎಂದು ಕಾಯದೆ ತುರ್ತು ವಿಭಾಗಕ್ಕೆ ಹೋಗಬೇಕು. ಇದ್ದಕ್ಕಿದ್ದಂತೆ ಹಿಂದೆಂದೂ ಕಾಣದಂಥ ತಲೆನೋವು ಬಂದರೂ ಹಾಗೆಯೇ. ಹೋಗುವ ದಾರಿಯಲ್ಲಿ ನೀರನ್ನೂ ಕುಡಿಯಬಾರದು, ಮಾತ್ರೆಯನ್ನೂ ನುಂಗಬಾರದು, ಮೂಗು ಸೀಟಬಾರದು. ಮೂಗು ಬಾಯಿ ಮುಚ್ಚಿ ಸೀನು ತಡೆದ ಸಂಗತಿಯನ್ನು ವೈದ್ಯರಿಗೆ ಮೊದಲ ಮಾತಿನಲ್ಲೇ ಹೇಳಬೇಕು. ಅವರಾಗಿ ಕೇಳುವ ಪ್ರಶ್ನೆಗಳಲ್ಲಿ ಅದು ಇರಲಿಕ್ಕಿಲ್ಲ.